ಮೂರು ವೃತ್ತಗಳು ಕೂಡುವ ಜಾಗ

2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನೆಲ ಎರಡು ಬಾರಿ ನಡುಗಿತು. ತೀವ್ರತೆ ಸುಮಾರು 3, ಲಘು ಕಂಪನಗಳೇ. ಆದರೆ ನಡುಗಿದ ಜಾಗ ಯಾವುದೆಂದು ಪತ್ತೆ ಮಾಡುವುದು ಹೇಗೆ? ಪಿಯುಸಿ ವಿದ್ಯಾರ್ಥಿಗಳು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತುಬಿಡುವ ವೃತ್ತದ ಸಮೀಕರಣ ಇಲ್ಲಿ ಕೆಲಸಕ್ಕೆ ಬರುತ್ತದೆ.

ಭೂಕಂಪದ ಪ್ರಾಥಮಿಕ ಅಲೆ ವೇಗವಾಗಿ ಬರುತ್ತದೆ, ದ್ವಿತೀಯಕ ಅಲೆ ಹಿಂದೆ ಉಳಿಯುತ್ತದೆ. ಮಿಂಚಿಗೂ ಗುಡುಗಿಗೂ ನಡುವಿನ ಹೊತ್ತನ್ನು ಎಣಿಸಿ ಸಿಡಿಲಿನ ದೂರ ಹೇಳುವುದಿಲ್ಲವೆ? ಇದೂ ಹಾಗೆಯೇ. ಹತ್ತಿರದ ಕಂಪನವಾದರೆ ಒಂದು ಸೆಕೆಂಡಿನ ಅಂತರಕ್ಕೆ ಸುಮಾರು 8 ಕಿ.ಮೀ. ದೂರ. ಆದರೆ ಈ ಲೆಕ್ಕ ದಿಕ್ಕನ್ನು ಹೇಳದು. ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಭೂಕಂಪನ ಕೇಂದ್ರದಲ್ಲಿ ಹಲವು ಮಾಪಕಗಳನ್ನು ದೂರ ದೂರ ಹರಡಿ, ಅಲೆ ಯಾವುದನ್ನು ಮೊದಲು ಮುಟ್ಟಿತು ಎಂಬುದರಿಂದ ದಿಕ್ಕನ್ನು ತಿಳಿಯುತ್ತಾರೆ. ಇನ್ನೊಂದು ದಾರಿ, ಮೂರು ಊರುಗಳಿಂದ ಅಳೆಯುವುದು.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ ಒಂದು ಮಾಪಕ ಇದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಗ್ರಾಫ್ ಹಾಳೆಯಲ್ಲಿ ಊರೇ ಮೂಲಬಿಂದು. ಒಂದು ಮನೆ ಎಂದರೆ 10 ಕಿ.ಮೀ. ಕಂಪನ 50 ಕಿ.ಮೀ. ದೂರದಲ್ಲಿ ಆಗಿದೆ. ಪೂರ್ವಕ್ಕೆ ಕ್ಷ, ಉತ್ತರಕ್ಕೆ ಯ (ಪಠ್ಯಪುಸ್ತಕದ ಎಕ್ಸ್, ವೈ ಇವೇ) ಎಂದರೆ, ಪೈಥಾಗೊರಸ್ ಪ್ರಮೇಯದಂತೆ ಕ್ಷ² + ಯ² = 25. ವೃತ್ತದ ಸಮೀಕರಣವೆಂದರೆ ಇಷ್ಟೇ: ಕೇಂದ್ರದಿಂದ ಒಂದೇ ದೂರದಲ್ಲಿರುವ ಜಾಗಗಳ ಪಟ್ಟಿ.

ಪೂರ್ವಕ್ಕೆ ಮೂರು ಮನೆ ದೂರದ ಎರಡನೆಯ ಮಾಪಕ 40 ಕಿ.ಮೀ. ಎನ್ನುತ್ತದೆ: (ಕ್ಷ − 3)² + ಯ² = 16. ಮೊದಲನೆಯದರಿಂದ ಇದನ್ನು ಕಳೆಯಿರಿ. ವರ್ಗಗಳೆಲ್ಲ ಹೊಡೆದುಹೋಗಿ 6ಕ್ಷ − 9 = 9 ಉಳಿಯುತ್ತದೆ; ಕ್ಷ = 3, ಯ = 4 ಅಥವಾ −4. ಎರಡು ಜಾಗಗಳು! ಮೂರನೆಯ ಮಾಪಕ ಬೇಕೇ ಬೇಕು. ಅದರ ಸಮೀಕರಣ ಬಿಡಿಸಿದ ರೂಪದಲ್ಲಿದೆ: ಕ್ಷ² + ಯ² + 6ಕ್ಷ + 8ಯ − 75 = 0.

ಹೆಚ್ಚಿನವರು ಎಡವುವುದು ಇಲ್ಲೇ. 6ರ ಅರ್ಧ 3, ಅದರ ವರ್ಗ 9. 8ರ ಅರ್ಧ 4, ವರ್ಗ 16. ಇವನ್ನು ಎರಡೂ ಕಡೆ ಕೂಡಿಸಿದರೆ (ಕ್ಷ + 3)² + (ಯ + 4)² = 100. ತ್ರಿಜ್ಯ 10. ಕೇಂದ್ರ (3, 4) ಅಲ್ಲ, (−3, −4). ಆವರಣವನ್ನು ಸೊನ್ನೆ ಮಾಡುವ ಬೆಲೆಯೇ ಕೇಂದ್ರ ಎಂದು ತಿಳಿದವರಿಗೆ ಚಿಹ್ನೆ ತಪ್ಪದು. ಈಗ (3, 4) ಹಾಕಿ: 36 + 64 = 100. ಸರಿಹೋಯಿತು. (3, −4) ಹಾಕಿದರೆ ಬರುವುದು ಬರೀ 36. ಅಂದರೆ ಕಂಪನ ಆದದ್ದು ಕೆಂಚಾರ್ಲಹಳ್ಳಿಯಿಂದ ಪೂರ್ವಕ್ಕೆ 30, ಉತ್ತರಕ್ಕೆ 40 ಕಿ.ಮೀ. ದೂರದಲ್ಲಿ.

ಮೂರನ್ನೂ ಕೈವಾರದಿಂದ (ಪಕ್ಕದ ಊರಲ್ಲ, ಪೆಟ್ಟಿಗೆಯಲ್ಲಿರುವುದು!) ಎಳೆದು ನೋಡಿ. ಎರಡೂ ಅಕ್ಷಗಳಿಗೆ ಅಳತೆ ಒಂದೇ ಇರಲಿ. ಹಾಳೆ ಸಾಲದೆಂದು ಒಂದನ್ನು ಕುಗ್ಗಿಸಿದರೆ ಬಿಂದುಗಳು ಮೊಟ್ಟೆಯಾಕಾರದಲ್ಲಿ ಬೀಳುತ್ತವೆ, ಕೈವಾರದ ಗೆರೆ ಸುಳ್ಳು ಹೇಳುತ್ತದೆ. ನಿಜವಾದ ಕಂಪನದಲ್ಲಿ ಅಳತೆಯ ದೋಷದಿಂದ, ನೆಲದ ಆಳದಿಂದ ಮೂರು ವೃತ್ತಗಳು ಒಂದೇ ಬಿಂದುವಿನಲ್ಲಿ ಸೇರುವುದು ಅಪರೂಪ; ನಡುವೆ ಚಿಕ್ಕ ತ್ರಿಕೋನದಂಥ ಜಾಗ ಉಳಿಯುತ್ತದೆ. ಕೇಂದ್ರ ಅದರ ಆಸುಪಾಸಿನಲ್ಲಿ.

ಮುಂದಿನ ವಾರದವರೆಗೆ ಒಂದು ಲೆಕ್ಕ: ಕ್ಷ² + ಯ² + 4ಕ್ಷ + 2ಯ + 9 = 0. ಇದರ ವೃತ್ತ ಎಳೆಯಲು ಸಾಧ್ಯವೆ? ತಂದೆತಾಯಿಯರೂ ಪ್ರಯತ್ನಿಸಬಹುದು.