ಸರಕು ನಮ್ಮದು, ಬಾಗಿಲು ಯಾರದು?

ಪಾಂಡವಪುರದ ಆಲೆಮನೆಯ ಲೆಕ್ಕವೂ ನಾಗಮಂಗಲದ ಕಿರಾಣಿ ಅಂಗಡಿಯ ಸಾಲದ ಪುಸ್ತಕವೂ ಇಂದು ಮೊಬೈಲಿನೊಳಗೆ ಹಿಡಿಸುತ್ತವೆ. ಕೃಷ್ಣರಾಜಪೇಟೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲೋ ಬಿ.ಜಿ. ನಗರದ ಕಾಲೇಜಿನಲ್ಲೋ ಓದಿ ಬಂದ ಕಾರ್ಮಿಕರ, ವರ್ತಕರ ಮಕ್ಕಳು ಇಂತಹ ಆ್ಯಪ್‌ಗಳನ್ನು ಸ್ವಂತವಾಗಿ ತಯಾರಿಸಬಲ್ಲರು. ಆದರೆ ತಯಾರಿಸಿದ ಸರಕನ್ನು ಯಾವ ಅಂಗಡಿಯಲ್ಲಿಡಬೇಕು? ಗೂಗಲಿನ ಆಂಡ್ರಾಯ್ಡಿನಲ್ಲೋ, ಆಪಲಿನ ಐಫೋನಿನಲ್ಲೋ?

ಮೊದಲು ಖರ್ಚಿನ ಮಾತು. ಗೂಗಲಿಗೆ ಒಂದೇ ಬಾರಿ 25 ಡಾಲರ್ ಕಟ್ಟಿದರೆ ಸಾಕು. ಆಪಲಿಗೆ ವರ್ಷ ವರ್ಷವೂ 99 ಡಾಲರ್. ಅದರ ಮೇಲೆ ಅದೇ ಕಂಪನಿಯ ದುಬಾರಿ ಕಂಪ್ಯೂಟರು ಬೇರೆ ಬೇಕು. ಗೂಗಲಿನಲ್ಲೂ ತೊಡಕಿಲ್ಲದಿಲ್ಲ: ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು 12 ಜನರಿಂದ 14 ದಿನ ಬಳಸಿ ನೋಡಿಸಬೇಕು. ಆದರೂ ನಮ್ಮ ದೇಶದ ಹತ್ತು ಫೋನುಗಳಲ್ಲಿ ಒಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್. ಆಲೆಮನೆಯವರಿಗೂ ಅಂಗಡಿಯವರಿಗೂ ಆ್ಯಪ್ ಮಾಡುವವರು ಅಲ್ಲಿಂದಲೇ ಆರಂಭಿಸುವುದು ಲೇಸು. ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗಳಿಗೆ ದಾರಿ ತೋರಿಸುವುದಾದರೆ ಎರಡೂ ಫೋನುಗಳಲ್ಲಿ ತೆರೆಯುವ ವೆಬ್‌ಸೈಟೇ ಸಾಕು. ಅದಕ್ಕೆ ಎರಡು ಅಂಗಡಿಗಳ ಅಪ್ಪಣೆಯೂ ಬೇಡ.

ಇನ್ನು ದಲಾಲಿಯ ಮಾತು. ಆ್ಯಪಿನೊಳಗೆ ನಡೆಯುವ ಮಾರಾಟದಲ್ಲಿ ನೂರಕ್ಕೆ 30 ರೂಪಾಯಿ ಎರಡು ಕಂಪನಿಗಳೂ ಬಹುಕಾಲ ಮುರಿದುಕೊಂಡವು. ಪ್ರತಿಭಟನೆಯೆದ್ದ ಮೇಲೆ, 2021ರಲ್ಲಿ, ಸಣ್ಣ ತಯಾರಕರಿಗೆ ಅದನ್ನು 15ಕ್ಕೆ ಇಳಿಸಿದವು. ದಲಾಲಿ ಇಳಿಯಿತೇ ಹೊರತು ಬಾಗಿಲಿನ ಬೀಗದ ಕೈ ಅವರ ಬಳಿಯೇ ಉಳಿಯಿತು. 2024ರ ಮಾರ್ಚ್‌ನಲ್ಲಿ ಶುಲ್ಕದ ಜಗಳದಲ್ಲಿ ಭಾರತ್ ಮ್ಯಾಟ್ರಿಮೋನಿ, ನೌಕರಿ ಮೊದಲಾದ ದೊಡ್ಡ ಆ್ಯಪ್‌ಗಳನ್ನೇ ಗೂಗಲ್ ತನ್ನ ಅಂಗಡಿಯಿಂದ ಹೊರಹಾಕಿತು. ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಹಿಂದಕ್ಕೆ ಸೇರಿಸಿತು. ದೊಡ್ಡವರ ಪಾಡೇ ಹೀಗಾದರೆ ಕೃಷ್ಣರಾಜಪೇಟೆಯ ಒಬ್ಬಂಟಿ ಹುಡುಗಿಯ ಪರವಾಗಿ ಯಾರು ಮಾತನಾಡುವರು?

ಸಂತೆಯ ಸುಂಕ ಹೆಚ್ಚಾಯಿತೆಂದರೆ ನಾವು ಪುರಸಭೆಯ ಸದಸ್ಯನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಬಹುದು. ಈ ಸಂತೆಗೆ ಅಂತಹ ಸದಸ್ಯನಿಲ್ಲ. ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಈ ವಿಷಯವಾಗಿ ಗೂಗಲಿಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಸುಮಾರು 216 ಕೋಟಿಗೆ ಇಳಿಸಿತು. 2024ರ ಫೆಬ್ರವರಿಯಲ್ಲಿ ಫೋನ್‌ಪೇ ಕಂಪನಿ ಕನ್ನಡವೂ ಸೇರಿದಂತೆ 12 ಭಾರತೀಯ ಭಾಷೆಗಳಲ್ಲಿ ಇಂಡಸ್ ಎಂಬ ಆ್ಯಪ್ ಅಂಗಡಿ ತೆರೆಯಿತು. ಇನ್ನೊಂದು ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಫೋನ್‌ಪೇಯ ಹೆಚ್ಚಿನ ಪಾಲು ಅಮೆರಿಕದ ವಾಲ್‌ಮಾರ್ಟಿನದೆಂಬುದನ್ನು ನಾವು ಮರೆಯಬಾರದು.

ನಮ್ಮ ಯುವಕ ಯುವತಿಯರಿಗೆ ನಾವು ಹೇಳುವುದಿಷ್ಟು: ಆಂಡ್ರಾಯ್ಡಿನಿಂದ ಆರಂಭಿಸಿ, ಜೊತೆಗೆ ನಿಮ್ಮದೇ ವೆಬ್‌ಸೈಟನ್ನೂ ಇಟ್ಟುಕೊಳ್ಳಿ, ಗಿರಾಕಿಗಳ ಪಟ್ಟಿ ನಿಮ್ಮ ಕೈಯಲ್ಲಿರಲಿ. ಸರ್ಕಾರಕ್ಕೆ ಹೇಳುವುದು: ದಲಾಲಿಗೆ ಮಿತಿ ಹಾಕಿ, ಕಾರಣ ತಿಳಿಸದೆ, ಅಹವಾಲು ಕೇಳದೆ ಯಾರ ಆ್ಯಪನ್ನೂ ತೆಗೆದುಹಾಕದಂತೆ ಕಾನೂನು ಮಾಡಿ. ದುಡಿದವನ ಸರಕಿಗೆ ಸಂತೆಯಲ್ಲಿ ಜಾಗ ಸಿಗುವುದು ಹಕ್ಕು, ಕಂಪನಿಯ ಕೃಪೆಯಲ್ಲ.