ಹೆಜ್ಜೆ ಮೊದಲು, ಚಿತ್ರ ಆಮೇಲೆ

ಕೋಲಾರದ ಚಿನ್ನದ ಗಣಿಗಳಲ್ಲಿ ಕೆಲಸ ನಿಂತದ್ದು 2001ರಲ್ಲಿ. ಅಲ್ಲಿ ಪಾಳುಬಿದ್ದಿರುವ ಕಟ್ಟಡಗಳು ಛಾಯಾಗ್ರಾಹಕರ ಮನವನ್ನು ಸೆಳೆಯುವುದು ಸಹಜ. ಆದರೆ ಆ ನೆಲದಡಿ 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಗಣಿ ಇಳಿದಿದೆ. ಸಯನೈಡ್ ಬಳಸಿ ಚಿನ್ನ ತೆಗೆದುಳಿದ ಮಣ್ಣಿನ ದಿಬ್ಬಗಳಿಂದ ಧೂಳೇಳುತ್ತದೆ.

ಹೊರಡುವ ಮುನ್ನ ಸಂಬಂಧಪಟ್ಟವರಿಂದ ಲಿಖಿತ ಅನುಮತಿ ಪಡೆಯುವುದು ಅವಶ್ಯ. ಜೊತೆಗೊಬ್ಬ ಸಂಗಾತಿ, ಗಟ್ಟಿ ಅಟ್ಟೆಯ ಬೂಟು, ಎರಡು ಟಾರ್ಚು, ಧೂಳು ತಡೆಯುವ ಮುಖಗವಸು ಇರಲಿ. ಹೋಗುವ ಸ್ಥಳವೂ ಹಿಂದಿರುಗುವ ವೇಳೆಯೂ ಮನೆಯವರಿಗೆ ತಿಳಿದಿರಲಿ. ಬೇಲಿ ಕಟ್ಟಿದ ಗಣಿಬಾವಿಯ ಬಳಿ ಸುಳಿಯಲಾಗದು; ಹಳೆಯ ಮರದ ಮೆಟ್ಟಿಲನ್ನು ನಂಬಲಾಗದು. ಕಣ್ಣು ಕ್ಯಾಮೆರಾದಲ್ಲಿರುವಾಗ ಕಾಲು ಕದಲಕೂಡದು.

ತಪ್ಪಿದ ಚಿತ್ರ ಮತ್ತೊಂದು ದಿನ ದೊರೆತೀತು. ಬಾಗಿಲಲ್ಲಿ ಕಾದು ನಿಂತ ತಾಯಿಗೆ ಮಗ ಮತ್ತೆ ದೊರೆಯನು.