ಥಾಯ್ಲೆಂಡಿನಲ್ಲಿ ಮನೆ ಕೊಳ್ಳುವ ಮುನ್ನ ಒಂದು ಮಳೆಗಾಲ

ಬೆಂಗಳೂರಿನ ಪಂಚತಾರಾ ಹೋಟೆಲುಗಳಲ್ಲಿ ಭಾನುವಾರಗಳಂದು ಹೊಸದೊಂದು ಬಗೆಯ ಸಂತೆ ನೆರೆಯತೊಡಗಿದೆ. ಅಲ್ಲಿ ಮಾರಾಟಕ್ಕಿರುವುದು ದೇವನಹಳ್ಳಿಯ ನಿವೇಶನವಲ್ಲ, ಕಡಲಾಚೆಯ ಮನೆಗಳು. ದುಬೈ ಆಯಿತು, ಈಗ ಥಾಯ್ಲೆಂಡಿನ ಫುಕೆಟ್ ದ್ವೀಪ. ನನ್ನ ಅಣ್ಣನ ಮಗ, ಸಾಫ್ಟ್‌ವೇರ್ ಉದ್ಯೋಗಿ, ಅಂಥದ್ದೊಂದು ಪ್ರದರ್ಶನದಿಂದ ನೇರವಾಗಿ ನನ್ನ ಮನೆಗೆ ಬಂದು ಬಣ್ಣದ ಕೈಪಿಡಿಯನ್ನು ಮೇಜಿನ ಮೇಲೆ ಹರಡಿದ. ‘ಚಿಕ್ಕಪ್ಪ, ತೀರ್ಥಹಳ್ಳಿಯ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ವರ್ಷಗಳಾದವು. ಮಾರಿಬಿಡೋಣ. ನಿಮ್ಮ ಪಾಲು, ನನ್ನ ಪಾಲು ಸೇರಿಸಿದರೆ ಸಮುದ್ರ ಕಾಣುವ ಒಂದು ವಿಲ್ಲಾ ಬರುತ್ತದೆ’ ಎಂದ. ತೋಟ ಜಂಟಿ ಖಾತೆಯಲ್ಲಿದೆ. ನನ್ನ ಸಹಿಯಿಲ್ಲದೆ ಮಾರಾಟವಾಗದು.

ಹಣ ಕಳುಹಿಸುವುದು ಈಗ ಕಷ್ಟವಲ್ಲ. ರಿಸರ್ವ್ ಬ್ಯಾಂಕು 2004ರಲ್ಲಿ ಉದಾರೀಕೃತ ರವಾನೆ ಯೋಜನೆಯನ್ನು ಜಾರಿಗೆ ತಂದಾಗ ಒಬ್ಬ ವ್ಯಕ್ತಿ ವರ್ಷಕ್ಕೆ ಕಳುಹಿಸಬಹುದಾಗಿದ್ದುದು 25,000 ಡಾಲರ್. 2015ರಿಂದ ಆ ಮಿತಿ 2,50,000 ಡಾಲರ್. ಮಿತಿ ಹಿಗ್ಗಿದ ವೇಗದಲ್ಲಿ ನಮ್ಮ ತಿಳಿವಳಿಕೆ ಹಿಗ್ಗಿಲ್ಲ. 2025ರ ಏಪ್ರಿಲ್‌ನಿಂದ, ಇಂಥ ಖರೀದಿಗೆ ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿ ಕಳುಹಿಸುವ ಮೊತ್ತದ ಮೇಲೆ ಶೇ 20ರಷ್ಟು ತೆರಿಗೆಯನ್ನು ಬ್ಯಾಂಕೇ ಮೊದಲು ಹಿಡಿದುಕೊಳ್ಳುತ್ತದೆ. ಲೆಕ್ಕ ಸಲ್ಲಿಸಿ ಹಿಂಪಡೆಯಬಹುದು, ಆದರೆ ಅಲ್ಲಿಯವರೆಗೆ ಅಷ್ಟು ಹಣ ಕೈಯಲ್ಲಿರುವುದಿಲ್ಲ. ಕೊಂಡ ಮನೆಯನ್ನು ಪ್ರತಿವರ್ಷದ ಆದಾಯ ತೆರಿಗೆ ವಿವರದಲ್ಲಿ ವಿದೇಶಿ ಆಸ್ತಿಯಾಗಿ ತೋರಿಸಬೇಕು. ತಪ್ಪಿದರೆ 2015ರ ಕಪ್ಪುಹಣ ಕಾಯ್ದೆಯಂತೆ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. 2024ರಲ್ಲಿ ಸಣ್ಣ ವಿದೇಶಿ ಆಸ್ತಿಗಳಿಗೆ ಕೊಟ್ಟ ರಿಯಾಯಿತಿಯಿಂದ ಸ್ಥಿರಾಸ್ತಿಯನ್ನು ಹೊರಗಿಡಲಾಗಿದೆ. ಕೈಪಿಡಿಯಲ್ಲಿ ಇವು ಯಾವುವೂ ಇರಲಿಲ್ಲ.

ಸೇವೆಯ ಮೊದಲ ವರ್ಷಗಳನ್ನು ಕಂದಾಯ ಇಲಾಖೆಯಲ್ಲಿ ಕಳೆದವನು ನಾನು. ಪಹಣಿ, ಪೋಡಿ, ಗೋಮಾಳ, ಬಗರ್‌ಹುಕುಂ ಇವುಗಳ ನಡುವೆ ಬೆಳೆದವನಿಗೆ ಮನೆಯ ಈಜುಕೊಳಕ್ಕಿಂತ ಮೊದಲು ಕಾಣುವುದು ಹಕ್ಕುಪತ್ರ. ಥಾಯ್ಲೆಂಡಿನ 1954ರ ಭೂ ಸಂಹಿತೆಯಡಿ ವಿದೇಶಿಯರು ನೆಲವನ್ನು ಕೊಳ್ಳುವುದು ವಸ್ತುಶಃ ಅಸಾಧ್ಯ. 1979ರ ಕಾಯ್ದೆಯಡಿ ಅಪಾರ್ಟ್‌ಮೆಂಟನ್ನು ಸ್ವಂತ ಹೆಸರಿನಲ್ಲಿ ಕೊಳ್ಳಬಹುದು, ಅದೂ ಆ ಸಮುಚ್ಚಯದ ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು ಶೇ 49 ಮೀರದಂತೆ, ಮತ್ತು ಹಣ ಹೊರದೇಶದಿಂದ ವಿದೇಶಿ ವಿನಿಮಯದ ರೂಪದಲ್ಲಿ ಬಂದಿದೆ ಎಂಬ ಬ್ಯಾಂಕಿನ ದಾಖಲೆಯೊಂದಿಗೆ. ವಿಲ್ಲಾ ಎಂದರೆ ನೆಲ. ಅದಕ್ಕೆ ದಲ್ಲಾಳಿ ಎರಡು ದಾರಿ ತೋರಿಸಿದ್ದ.

ಮೊದಲನೆಯದು ಸ್ಥಳೀಯ ಕಂಪನಿ. ಶೇ 51 ಷೇರು ಥಾಯ್ ಪ್ರಜೆಗಳ ಹೆಸರಿನಲ್ಲಿ, ಅವರು ದುಡ್ಡು ಹಾಕುವುದಿಲ್ಲ, ಹೆಸರು ಮಾತ್ರ ಕೊಡುತ್ತಾರೆ. ಇದಕ್ಕೆ ನಮ್ಮ ಭಾಷೆಯಲ್ಲಿ ಬೇನಾಮಿ ಎನ್ನುತ್ತಾರೆ. ಅಲ್ಲಿಯೂ ಇದು ಅಪರಾಧವೇ. ಸಿಕ್ಕಿಬಿದ್ದರೆ ನಿಗದಿತ ಅವಧಿಯೊಳಗೆ ಜಮೀನು ಮಾರಿಹಾಕಬೇಕಾಗುತ್ತದೆ. ಎರಡನೆಯದು ಗುತ್ತಿಗೆ. ಕೈಪಿಡಿಯಲ್ಲಿ ‘30+30+30, ಒಟ್ಟು 90 ವರ್ಷ’ ಎಂದು ದಪ್ಪ ಅಕ್ಷರಗಳಲ್ಲಿತ್ತು. ಆ ದೇಶದ ನಾಗರಿಕ ಸಂಹಿತೆಯ 540ನೇ ವಿಧಿ ಗುತ್ತಿಗೆಯನ್ನು 30 ವರ್ಷಕ್ಕೆ ಮೊಟಕುಗೊಳಿಸುತ್ತದೆ. ಮುಂದಿನ ಎರಡು 30ಗಳು ಭೂಮಾಲೀಕನ ವಾಗ್ದಾನ ಮಾತ್ರ. ಅವನು ಜಮೀನು ಮಾರಿದರೆ ಹೊಸ ಮಾಲೀಕ ಆ ಮಾತಿಗೆ ಕಟ್ಟುಬೀಳಬೇಕಿಲ್ಲ. ನನ್ನಂಥ ಅರವತ್ತು ದಾಟಿದವರಿಗೆ ಇನ್ನೊಂದು ಸಂಗತಿ: ಗುತ್ತಿಗೆಯ ಹಕ್ಕು ಅಲ್ಲಿ ವ್ಯಕ್ತಿಗತ. ವಾರಸುದಾರರ ಬಗ್ಗೆ ಒಪ್ಪಂದದಲ್ಲಿ ಬರೆಯದಿದ್ದರೆ ಗುತ್ತಿಗೆದಾರನೊಂದಿಗೇ ಅದೂ ತೀರಿಕೊಳ್ಳುತ್ತದೆ.

ಇದನ್ನು ಕೇಳಿ ಅಣ್ಣನ ಮಗ ‘ಎಂಥ ಸಂಕುಚಿತ ದೇಶ’ ಎಂದ. ನಾನು ಒಪ್ಪಲಿಲ್ಲ. ಭಾರತೀಯ ಮೂಲದವನಲ್ಲದ, ಇಲ್ಲಿ ನೆಲೆಸದ ವಿದೇಶಿಗೆ ನಮ್ಮ ಕಾನೂನೂ ಇಲ್ಲಿ ಆಸ್ತಿ ಕೊಳ್ಳಲು ಬಿಡುವುದಿಲ್ಲ. ಅಷ್ಟೇಕೆ, 2020ರ ತಿದ್ದುಪಡಿಯವರೆಗೆ ಕರ್ನಾಟಕದಲ್ಲಿ ಕೃಷಿಕನಲ್ಲದ ಕನ್ನಡಿಗನೇ ಕೃಷಿ ಭೂಮಿ ಕೊಳ್ಳುವಂತಿರಲಿಲ್ಲ. ವಿದೇಶಿಯರಿಗೆ 99 ವರ್ಷಗಳ ಗುತ್ತಿಗೆ, ಅಪಾರ್ಟ್‌ಮೆಂಟುಗಳಲ್ಲಿ ಶೇ 75ರ ಪಾಲು ಎಂಬ ಪ್ರಸ್ತಾವವನ್ನು 2024ರಲ್ಲಿ ಥಾಯ್ ಸರ್ಕಾರ ಪರಿಶೀಲನೆಗೆ ಎತ್ತಿಕೊಂಡಾಗ ಇದು ದೇಶವನ್ನೇ ಮಾರುವ ಕೆಲಸವೆಂದು ಅಲ್ಲಿನವರು ತಿರುಗಿಬಿದ್ದರು. ನೆಲದ ವಿಷಯದಲ್ಲಿ ಅವರೂ ನಾವೂ ಒಂದೇ.

ಹಕ್ಕುಪತ್ರಗಳ ಕಥೆ ಸ್ವಾರಸ್ಯಕರವಾಗಿದೆ. 1901ರಲ್ಲಿ ಚುಲಲಾಂಗ್‌ಕಾರ್ನ್ ದೊರೆ ಆಸ್ಟ್ರೇಲಿಯಾದ ಮಾದರಿಯ ಭೂನೋಂದಣಿಯನ್ನು ತಂದ. ಥಾಯ್ ಹಕ್ಕುಪತ್ರದ ನೆತ್ತಿಯ ಮೇಲೆ ನಮ್ಮ ಗರುಡನ ಮುದ್ರೆಯಿರುತ್ತದೆ. ಗರುಡ ಕೆಂಪಾಗಿದ್ದರೆ ಅದು ‘ಚನೋತ್’, ಪೂರ್ಣ ಅಳತೆಯಾದ ಗಟ್ಟಿ ಹಕ್ಕು. ಹಸಿರಾಗಿದ್ದರೆ ಒಂದು ಮೆಟ್ಟಿಲು ಕೆಳಗೆ. ಕಪ್ಪಾಗಿದ್ದರೆ ಎಲ್ಲೆಗಳೇ ಅಸ್ಪಷ್ಟ. ಇವೆಲ್ಲಕ್ಕಿಂತ ಬೇರೆಯಾದದ್ದು 1975ರ ಭೂಸುಧಾರಣಾ ಕಾಯ್ದೆಯಡಿ ಭೂರಹಿತ ರೈತರಿಗೆ ಮೀಸಲಾದ ಜಮೀನು. ಅಂಥ ಜಮೀನು ಫುಕೆಟ್‌ನ ಸಿರಿವಂತರ ಪಾಲಾದ ಹಗರಣದಿಂದ 1995ರ ಮೇ ತಿಂಗಳಲ್ಲಿ ಚುಆನ್ ಲೀಕ್‌ಪೈ ಸರ್ಕಾರವೇ ಉರುಳಿತು. ನಮ್ಮಲ್ಲಿ 1978ರ ಕಾಯ್ದೆಯಡಿ ದಲಿತರಿಗೆ ಮಂಜೂರಾದ ಜಮೀನನ್ನು ಕೊಂಡವರು ದಶಕಗಳ ನಂತರವೂ ಉಪವಿಭಾಗಾಧಿಕಾರಿಯ ನ್ಯಾಯಾಲಯದಲ್ಲಿ ತಲೆತಗ್ಗಿಸಿ ನಿಂತದ್ದನ್ನು ನಾನು ಕಂಡಿದ್ದೇನೆ. ಅಗ್ಗವಾಗಿ ಸಿಕ್ಕ ಜಮೀನಿನ ಹಿಂದೆ ಇನ್ನೊಬ್ಬನ ಹಕ್ಕು ಇದ್ದೇ ಇರುತ್ತದೆಂಬ ಅನುಮಾನ ನನಗೆ ವೃತ್ತಿಯಿಂದ ಬಂದದ್ದು.

‘ಮೊದಲು ಹೋಗಿ ನೋಡೋಣ. ಆದರೆ ಜನವರಿಯಲ್ಲಲ್ಲ, ಸೆಪ್ಟೆಂಬರಿನಲ್ಲಿ’ ಎಂದೆ. ಅವನು ರಜೆ ಹಾಕಿ ಹತ್ತು ದಿನ ಇದ್ದ. ನಾನೂ ನನ್ನ ಪತ್ನಿಯೂ ಬಾಡಿಗೆ ಮನೆಯಲ್ಲಿ ಐದು ವಾರ ಉಳಿದೆವು.

ಫುಕೆಟ್ ಇರುವುದು ಅಂಡಮಾನ್ ಸಮುದ್ರದ ದಂಡೆಯಲ್ಲಿ. ನಮ್ಮ ಕರಾವಳಿಯಂತೆ ನೈಋತ್ಯ ಮಾರುತಕ್ಕೆ ಎದೆಯೊಡ್ಡಿ ನಿಂತ ದ್ವೀಪ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಮಳೆ. ಆಚೆ ಬದಿಯ ಸಮುಯಿ ದ್ವೀಪ ನಮ್ಮ ಚೋಳಮಂಡಲ ತೀರದಂತೆ. ಅಲ್ಲಿ ಜೋರು ಮಳೆ ಅಕ್ಟೋಬರಿನ ನಂತರ. ಕೈಪಿಡಿಯ ಫೋಟೊಗಳೆಲ್ಲ ಬೇಸಿಗೆಯವು. ನಾವು ಕಂಡದ್ದು ದಡದುದ್ದಕ್ಕೂ ನೆಟ್ಟ ಕೆಂಪು ಬಾವುಟಗಳನ್ನು, ಕಂದು ಅಲೆಗಳನ್ನು, ಕಪಾಟಿನೊಳಗೆ ಬೂಸು ಹಿಡಿದ ನನ್ನ ಚಪ್ಪಲಿಗಳನ್ನು. ಮಲೆನಾಡಿನವರಾದ ನಮಗೆ ಮಳೆ ಹೊಸದಲ್ಲ, ಆದರೆ ಗುಡ್ಡವನ್ನು ನೆಟ್ಟಗೆ ಕಡಿದು ಮನೆ ಕೂರಿಸಿದ ಜಾಗದಲ್ಲಿ ಮಳೆಗೆ ಬೇರೆಯೇ ಅರ್ಥವಿದೆ. 2024ರ ಆಗಸ್ಟಿನಲ್ಲಿ ಕರೋನ್ ಎಂಬಲ್ಲಿ, ಬೆಟ್ಟದ ಮೇಲಿನ ಬೃಹತ್ ಬುದ್ಧಮೂರ್ತಿಯ ಕೆಳಗಿನ ಇಳಿಜಾರು ಕುಸಿದು 13 ಮಂದಿ ಸತ್ತರು. ವಯನಾಡು ಕುಸಿದದ್ದು ಅದಕ್ಕೆ ಮೂರೂವರೆ ವಾರ ಮೊದಲು. ನಮಗೆ ತೋರಿಸಿದ ವಿಲ್ಲಾ ಇದ್ದದ್ದೂ ಇಳಿಜಾರಿನಲ್ಲೇ. ತಡೆಗೋಡೆಯಲ್ಲಿ ನೀರು ಹೊರಹೋಗುವ ತೂತುಗಳೆಲ್ಲಿ ಎಂದು ಕೇಳಿದಾಗ ದಲ್ಲಾಳಿ ಸಮುದ್ರದ ಕಡೆ ಕೈತೋರಿಸಿದ.

ಬಾಡಿಗೆ ಮನೆಯ ಯಜಮಾನಿಯಿಂದ ತಿಳಿದದ್ದು ಇನ್ನೊಂದು: ಇಷ್ಟು ಮಳೆಯ ಊರಿನಲ್ಲಿ ಏಪ್ರಿಲ್ ಬಂದರೆ ನೀರಿನ ಟ್ಯಾಂಕರು. ಫುಕೆಟ್ ಒಂದು ಕಾಲಕ್ಕೆ ತವರದ ಗಣಿಗಳ ದ್ವೀಪ. ಅಗೆದು ಬಿಟ್ಟ ಗುಂಡಿಗಳಲ್ಲಿ ನಿಂತ ನೀರೇ ಇಂದಿಗೂ ಅಲ್ಲಿನ ಜಲಮೂಲಗಳಲ್ಲೊಂದು. ಬೆಂಗಳೂರಿನ 2024ರ ಬೇಸಿಗೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಜನ ಸೌಮ್ಯರು. ಅವರ ಭಾಷೆಯಲ್ಲಿ ನಗರ ‘ನಖೊನ್’, ಭಾಷೆ ‘ಫಾಸಾ’, ದೇಶ ‘ಪ್ರಥೇತ್’. ಪತ್ನಿ ದಿನಕ್ಕೊಂದು ಸಂಸ್ಕೃತ ಪದ ಹೆಕ್ಕಿ ಖುಷಿಪಟ್ಟಳು. ಆದರೆ ಆ ಸೌಮ್ಯತೆಗೂ ಎಲ್ಲೆಯಿದೆ. ರಾವಾಯಿ ಎಂಬ ತೀರದಲ್ಲಿ ತಲೆತಲಾಂತರದಿಂದ ಇರುವ ಉರಕ್ ಲವೋಯಿ ಎಂಬ ಕಡಲ ಜನರ ಪೂಜಾಸ್ಥಳದ ದಾರಿಯನ್ನು 2016ರ ಜನವರಿಯಲ್ಲಿ ಒಂದು ಕಂಪನಿ ಮುಚ್ಚಹೊರಟಾಗ ಮಾರಾಮಾರಿಯೇ ಆಯಿತು. ಕಂಪನಿಯ ಬಳಿ ಕಾಗದವಿತ್ತು, ಈ ಜನರ ಬಳಿ ಇರಲಿಲ್ಲ. ನಾನು ಆ ಕೇರಿಯಲ್ಲಿ ಒಂದು ಸಂಜೆ ನಡೆದಾಡಿದೆ. ತಗಡಿನ ಮನೆಗಳು, ಒಣಗಲು ಹಾಕಿದ ಬಲೆ, ಕೆಲವೇ ಹೆಜ್ಜೆಗಳಾಚೆ ಕಡಲನೋಟದ ಬೆಲೆ ಹೇಳುವ ಫಲಕಗಳು. 2024ರಲ್ಲಿ ವಿದೇಶಿಯೊಬ್ಬರು ವಾಸವಿದ್ದ ವಿಲ್ಲಾದ ಮುಂದಿನ ಮೆಟ್ಟಿಲಿನ ಮೇಲೆ ಸ್ಥಳೀಯ ಮಹಿಳೆ ಕುಳಿತದ್ದಕ್ಕೆ ಜಗಳವೆದ್ದು, ನೂರಾರು ಜನ ಆ ತೀರದಲ್ಲಿ ಬಂದು ಸೇರಿದರು. ಅಳತೆ ಮಾಡಿದಾಗ ಮೆಟ್ಟಿಲು ಸಾರ್ವಜನಿಕ ಜಾಗದಲ್ಲಿತ್ತು; ಒಡೆದುಹಾಕಲಾಯಿತು.

ಇನ್ನು ಲಾಭದ ಲೆಕ್ಕ. ‘ಬಾಡಿಗೆ ಖಾತರಿ’ ಎಂಬ ಮಾತನ್ನು ಅರ್ಥಶಾಸ್ತ್ರ ಓದಿದವನು ನಂಬಲಾರ. ಆ ಖಾತರಿಯ ಬೆಲೆಯನ್ನು ಮನೆಯ ಬೆಲೆಯಲ್ಲೇ ಸೇರಿಸಿರುತ್ತಾರೆ. 2004ರ ಹೋಟೆಲ್ ಕಾಯ್ದೆಯಂತೆ ಪರವಾನಗಿಯಿಲ್ಲದೆ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆ ಕೊಡುವಂತೆಯೂ ಇಲ್ಲ. 1997ರ ಜುಲೈ 2ರಂದು ಥಾಯ್ ಬಾಟ್ ಕುಸಿದಾಗ ಡಾಲರಿಗೆ 25 ಇದ್ದದ್ದು ಆರೇ ತಿಂಗಳಲ್ಲಿ 50 ದಾಟಿತು. ಆ ಕುಸಿತದ ಬೇರು ಇದ್ದದ್ದೂ ಕಟ್ಟಡಗಳ ಮೇಲೆ ಸುರಿದ ಸಾಲದಲ್ಲೇ. ಮನೆ ಕೊಂಡ ಮಾತ್ರಕ್ಕೆ ವಾಸದ ಹಕ್ಕೂ ಬರುವುದಿಲ್ಲ. ಐವತ್ತು ದಾಟಿದವರು ನಿವೃತ್ತರ ವೀಸಾ ಪಡೆಯಬಹುದು, ಅದಕ್ಕೆ ಬ್ಯಾಂಕಿನಲ್ಲಿ 8 ಲಕ್ಷ ಬಾಟ್ ಠೇವಣಿ ತೋರಿಸುವುದು ವಾಡಿಕೆ. ಅಲ್ಲೇ ನೆಲೆಸಿದರೆ 90 ದಿನಕ್ಕೊಮ್ಮೆ ವಲಸೆ ಕಚೇರಿಗೆ ವಿಳಾಸ ವರದಿ ಮಾಡಬೇಕು.

ಹಾಗೆಂದು ಫುಕೆಟ್ ನನಗೆ ಇಷ್ಟವಾಗಲಿಲ್ಲವೆಂದಲ್ಲ. ಪತ್ನಿ ಮುಂದಿನ ವರ್ಷವೂ ಬರೋಣ ಎಂದಿದ್ದಾಳೆ, ಅದೇ ಬಾಡಿಗೆ ಮನೆಗೆ. ಅಣ್ಣನ ಮಗ ವಿಲ್ಲಾದ ಮಾತು ಬಿಟ್ಟು, ಕೆಂಪು ಗರುಡನಿರುವ ನೆಲದ ಮೇಲಿನ ಸಣ್ಣ ಅಪಾರ್ಟ್‌ಮೆಂಟೊಂದನ್ನು ನೋಡುತ್ತಿದ್ದಾನೆ. ಏಪ್ರಿಲಿನಲ್ಲಿ ಮತ್ತೊಮ್ಮೆ ಹೋಗಿ ನಲ್ಲಿ ತಿರುಗಿಸಿ ನೋಡಿ ಬರುವುದಾಗಿ ಹೇಳಿದ. ತೋಟದ ಕ್ರಯಪತ್ರದ ಕರಡು ನನ್ನ ಮೇಜಿನ ಮೇಲಿದೆ, ಸಹಿಯಾಗಿಲ್ಲ.